ಆ ಒಣಕಡ್ಡಿಗೆ ಕತ್ತರಿ ಹಾಕಬೇಡಿ

ಅಟ್ಲಾಂಟಾ, ಬರ್ಮಿಂಗ್‌ಹ್ಯಾಮ್ ಕಡೆ ಮನೆ ಮಾಡಿ, ಹಿತ್ತಲ ಮರಗಳ ನೆರಳಲ್ಲಿ ಓಕ್‌ಲೀಫ್ ಹೈಡ್ರೇಂಜಿಯ ನೆಟ್ಟಿರುವ ನಿಮಗೊಂದು ಮಾತು. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ಉಳಿದಾಗ, ಗಿಡ ಒಣಗಿತೆಂದು ಸವರಿಬಿಡಬೇಡಿ. ಹತ್ತಿರ ಹೋಗಿ ನೋಡಿ. ದಾಲ್ಚಿನ್ನಿ ಬಣ್ಣದ ತೊಗಟೆ ಪದರಪದರವಾಗಿ ಎದ್ದಿರುತ್ತದೆ, ತುದಿಯಲ್ಲಿ ನವಿರು ರೋಮದ ಮೊಗ್ಗು ಕೂತಿರುತ್ತದೆ. ಬರುವ ಬೇಸಿಗೆಯ ಹೂವೆಲ್ಲ ಅದರೊಳಗೇ ಇದೆ! ಹಳೇ ಕಡ್ಡಿಯಲ್ಲೇ ಹೂ ಬಿಡುವ ಜಾತಿ ಇದು. ಕತ್ತರಿಸಲೇಬೇಕಾದರೆ ಹೂ ಮುಗಿದ ಕೂಡಲೇ, ಜುಲೈ ದಾಟುವುದರೊಳಗೆ ಮುಗಿಸಿ.

ನಿಜ ಹೇಳಬೇಕೆಂದರೆ, ನೆಡುವಾಗಲೇ 6ರಿಂದ 8 ಅಡಿ ಜಾಗ ಬಿಟ್ಟರೆ ಕತ್ತರಿಯೇ ಬೇಡ. ಇದು ನಿಮ್ಮ ಕಡೆಯ ಕಾಡಿನದೇ ಗಿಡ. ಅಲಬಾಮಾ 1999ರಲ್ಲಿ ಇದನ್ನು ತನ್ನ ರಾಜ್ಯದ ಕಾಡುಹೂವೆಂದು ಘೋಷಿಸಿತು. ಹೆಚ್ಚು ಆರೈಕೆ ಕೇಳುವುದಿಲ್ಲ. ನೆರಳು ಬೇಕೆಂದು ಕತ್ತಲ ಮೂಲೆಗೆ ಮಾತ್ರ ತಳ್ಳಬೇಡಿ, ಬೆಳಗಿನ ಬಿಸಿಲು ಒಂದಿಷ್ಟು ಬೀಳಲಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಉದುರಿದ ಎಲೆಗಳನ್ನು ಗುಡಿಸಿ ಎಸೆಯದೆ ಬುಡಕ್ಕೇ ಹರಡಿ. ಜಿಂಕೆ ಬರುವ ಕಡೆಯಾದರೆ ಎಳೆಯ ಗಿಡಕ್ಕೆ ಸುತ್ತ ಬಲೆ ಕಟ್ಟಿ, ಚಿಗುರನ್ನು ಅವು ಬಿಡುವುದಿಲ್ಲ.