ಸಾಂಕ್ರಾಮಿಕ ರೋಗ: ಹಳ್ಳಿಯ ದಾರಿ, ನಗರದ ದಾರಿ

ಸಾಂಕ್ರಾಮಿಕ ರೋಗವು ಹಳ್ಳಿ, ನಗರವೆಂಬ ಭೇದವನ್ನೆಣಿಸುವುದಿಲ್ಲ. ಆದರೆ ಅದನ್ನು ಎದುರಿಸುವ ಬಗೆಯಲ್ಲಿ ಇವೆರಡಕ್ಕೂ ಹಿಂದಿನಿಂದಲೂ ಅಂತರವಿದೆ. ಅದನ್ನು ಅರಿತರೆ ಮುಂದಿನ ಆಪತ್ಕಾಲದಲ್ಲಿ ನಮ್ಮ ಮನೆಯನ್ನೂ ಊರನ್ನೂ ಕಾಪಾಡಿಕೊಳ್ಳುವುದು ಸುಲಭವಾದೀತು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ನಗರವು ಅದನ್ನು ಆಡಳಿತದ ಬಲದಿಂದ ಎದುರಿಸಿತು. ರೋಗಿಗಳನ್ನು ಬೇರ್ಪಡಿಸಲಾಯಿತು, ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರದಂಥ ವಿಶಾಲ ಬಡಾವಣೆಗಳು ಬೆಳೆದವು. ಹಳ್ಳಿಗರಲ್ಲಿ ಅಂಥ ಸಾಧನಗಳಿರಲಿಲ್ಲ. ಮನೆಗಳಲ್ಲಿ ಇಲಿ ಸತ್ತು ಬೀಳತೊಡಗಿದರೆ ಊರಿಗೆ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಇದು ಬರಿಯ ಭಯವಲ್ಲ, ವಿವೇಕ. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ. ಇಲಿ ಸತ್ತಾಗ ಚಿಗಟವು ಮನುಷ್ಯನನ್ನು ಕಚ್ಚುತ್ತದೆ. ಆದ್ದರಿಂದ ಮನೆ ಬಿಡುವುದೇ ಅಂದಿಗೆ ತಕ್ಕ ಮದ್ದಾಗಿತ್ತು.

ಕೊರೊನಾ ಹರಡಿದ್ದು ಉಸಿರಿನಿಂದ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ನಗರದವರು ಬಾಗಿಲು ಮುಚ್ಚಿಕೊಂಡರು. ಅನುಕೂಲವಿದ್ದವರು ಫೋನಿನಲ್ಲೇ ವೈದ್ಯರ ಸಲಹೆ ಪಡೆದರು. ದಿನಗೂಲಿಯವರಿಗೆ ಅಲ್ಲಿ ಉಳಿಯುವ ದಾರಿಯಿರಲಿಲ್ಲ. ಬಿ.ಜಿ. ಕೆರೆ, ಮೊಳಕಾಲ್ಮೂರು, ಚಳ್ಳಕೆರೆಯ ಸೀಮೆ ಮಳೆ ಕಡಿಮೆಯ ಬಯಲುಸೀಮೆ; ದುಡಿಮೆಗಾಗಿ ಬೆಂಗಳೂರಿಗೆ ಹೋಗುವವರು ಇಲ್ಲಿ ಪ್ರತಿ ಊರಿನಲ್ಲೂ ಇದ್ದಾರೆ. ಇಂಥವರಿಗೆ ಹುಟ್ಟೂರೇ ಆಸರೆ.

ಆಗ ರಾಜ್ಯದ ಅನೇಕ ಹಳ್ಳಿಗಳು ಊರಬಾಗಿಲಿಗೆ ಮುಳ್ಳುಬೇಲಿ ಹಾಕಿದವು. ಆದರೆ ಬೇಲಿಯೊಳಗೆ ಕಟ್ಟೆಯ ಹರಟೆ, ಮದುವೆ, ತಿಥಿಗಳು ನಿಲ್ಲುವುದು ಕಷ್ಟವಾಯಿತು. ಹೊರಗಿನವರಿಗೆ ಬೇಲಿ, ಒಳಗಿನವರಿಗೆ ಸಲಿಗೆ ಎಂಬಂತಾಯಿತು. 2021ರ ಎರಡನೆಯ ಅಲೆ ಹಳ್ಳಿಗಳನ್ನೂ ಹೊಕ್ಕಿತು.

ನಗರದಲ್ಲಿ ಆಸ್ಪತ್ರೆ ಹತ್ತಿರ, ನೆರೆಯವರು ದೂರ. ಹಳ್ಳಿಯಲ್ಲಿ ನೆರೆಯವರು ಹತ್ತಿರ, ಆಸ್ಪತ್ರೆ ದೂರ. ಹಳ್ಳಿಯಲ್ಲಿ ಯಾರಿಗೆ ಜ್ವರ ಬಂದರೂ ಊರಿಗೆಲ್ಲ ತಿಳಿಯುತ್ತದೆ. ಗಂಜಿಯ ಪಾತ್ರೆ ಬಾಗಿಲಿಗೆ ಬರುವುದು ಅದರಿಂದಲೇ. ಜನ ದೂರವಿಡುವರೆಂಬ ಅಂಜಿಕೆಯಿಂದ ರೋಗವನ್ನು ಮುಚ್ಚಿಡುವುದೂ ಅದರಿಂದಲೇ. ಮುಚ್ಚಿಟ್ಟ ಒಂದೊಂದು ದಿನವೂ ದೂರದ ಆಸ್ಪತ್ರೆಯನ್ನು ಇನ್ನಷ್ಟು ದೂರ ಮಾಡುತ್ತದೆ.

ಆದ್ದರಿಂದ ಉಸಿರಿನ ಸೋಂಕು ಹಬ್ಬಿದಾಗ ಭಕ್ತರು ಈ ಕ್ರಮಗಳನ್ನು ನೆನಪಿಡಬೇಕು:

1. ಜ್ವರ, ಕೆಮ್ಮು ಕಂಡೊಡನೆ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

2. ಒಂದೇ ಕೋಣೆಯ ಮನೆಯಾದರೆ ರೋಗಿಗೆ ಗಾಳಿಯಾಡುವ ಪಡಸಾಲೆಯಲ್ಲಿ ಹಾಸಿಗೆ ಹಾಸಿ, ವೃದ್ಧರನ್ನು ದೂರವಿರಿಸಬೇಕು. ಜೊತೆಗಿರುವವರು ಮಾಸ್ಕ್ ಧರಿಸಬೇಕು.

3. ಪಲ್ಸ್ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಪ್ರಮಾಣ 94ಕ್ಕಿಂತ ಕಡಿಮೆ ಕಂಡರೆ, ಅಥವಾ ಏದುಸಿರು ಬಂದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

4. ಗಾಳಿಮಾತಿಗೆ ಕಿವಿಗೊಡದೆ, ಆರೋಗ್ಯ ಇಲಾಖೆ ಸೂಚಿಸಿದ ಲಸಿಕೆ ಪಡೆಯಬೇಕು.

5. ಸೋಂಕಿನ ಕಾಲದಲ್ಲಿ ಜಾತ್ರೆಗೆ ಬಾರದೆ ಮನೆಯಲ್ಲೇ ಪೂಜೆ ಮಾಡಿಕೊಳ್ಳುವುದು ಭಕ್ತಿಗೆ ಕೊರತೆಯಲ್ಲ.

ಮುಂದೆ ಯಾವ ರೋಗ ಬಂದರೂ ಅದು ಹರಡುವ ಬಗೆಯನ್ನು ಮೊದಲು ತಿಳಿದು, ಬೇಲಿ ಎಲ್ಲಿರಬೇಕೆಂದು ನಿರ್ಧರಿಸೋಣ. ಬೇಲಿ ರೋಗಕ್ಕಿರಲಿ, ರೋಗಿಗೆ ಬೇಡ. ಅವರ ಹೊಸ್ತಿಲಿಗೆ ಹೊತ್ತುಹೊತ್ತಿಗೆ ಊಟ ತಲುಪಿಸುವುದೂ ದಾಸೋಹವೇ.