ಒಂದೇ ಟವರು, ಹಲವು ದನಿ

ಸಂತೆಯ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳದೆ ಹೋಗುವುದು ನಮ್ಮೆಲ್ಲರ ಅನುಭವ. ಅಲ್ಲಿ ಮಾತಿಗೆ ಕೊರತೆಯಿಲ್ಲ. ಕೇಳುವುದಕ್ಕೆ ಮಾತ್ರ ಎಡೆಯಿಲ್ಲ. ನಿಸ್ತಂತು ಇಂಟರ್‌ನೆಟ್ಟಿನ ಟವರಿನ ಮೇಲೆಯೂ ಇದೇ ಸ್ಥಿತಿ ಒದಗುವುದೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಕಲಿತದ್ದು ಪುಸ್ತಕದಿಂದಲ್ಲ, ಪಟ್ಟ ಪಾಡಿನಿಂದ.

ನಮ್ಮೂರಿಗೆ ಇಂಟರ್‌ನೆಟ್ಟು ಬರುವುದು ಗುಡ್ಡದ ಮೇಲಿನ ಒಂದು ಟವರಿನಿಂದ. ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಂದೆ ಆದಾಯ ಪತ್ರವನ್ನು ಕೈಯಲ್ಲಿ ಹಿಡಿದು ನನ್ನ ಪಕ್ಕದಲ್ಲೇ ಕುಳಿತಿದ್ದರು. ಪುಟ ತೆರೆಯಲೇ ಇಲ್ಲ, ಮಧ್ಯರಾತ್ರಿ ಕಳೆಯಿತು. ಮರುದಿನ ಟವರಿನಿಂದ ಇಳಿದ ಕೆಲಸಗಾರರನ್ನು, “ಅಣ್ಣಾ, ಹೊಸ ಪೆಟ್ಟಿಗೆ ಕೂರಿಸಿದ ಮೇಲೆ ನೆಟ್ಟು ಹೆಚ್ಚಬೇಕಲ್ಲವೇ?” ಎಂದು ಕೇಳಿದೆ. “ಇಲ್ಲ ತಮ್ಮಾ, ಒಂದು ಕೂಗಿದರೆ ಇನ್ನೊಂದಕ್ಕೆ ಕಿವಿ ಕೇಳಿಸೋದಿಲ್ಲ” ಎಂದರು. ಆ ಮಾತಿನ ಅರ್ಥವನ್ನು ಹುಡುಕಿದುದರ ಫಲವೇ ಈ ಲೇಖನ.

ಮೊದಲನೆಯದಾಗಿ ಚಾನೆಲ್‌ಗಳ ವಿಚಾರ. ವೈಫೈ ಬಳಸುವ ಒಂದು ಪಟ್ಟಿಯು ೨೪೦೦ ಮೆಗಾಹರ್ಟ್ಸ್‌ನಿಂದ ೨೪೮೩.೫ ಮೆಗಾಹರ್ಟ್ಸ್‌ವರೆಗಿನದು. ಇದರಲ್ಲಿ ೧೩ ಚಾನೆಲ್‌ಗಳಿವೆಯೆಂದು ಎಣಿಸುವುದುಂಟು. ಆದರೆ ಒಂದು ಚಾನೆಲ್ಲಿನ ಮಧ್ಯಬಿಂದುವಿಗೂ ಮುಂದಿನದರ ಮಧ್ಯಬಿಂದುವಿಗೂ ೫ ಮೆಗಾಹರ್ಟ್ಸ್ ಅಂತರ. ಪ್ರತಿಯೊಂದು ಪ್ರಸಾರವೂ ಹಿಡಿಯುವ ಅಗಲವೋ ಸುಮಾರು ೨೦ ಮೆಗಾಹರ್ಟ್ಸ್. ಆದುದರಿಂದ ಒಂದರ ಮೇಲೊಂದು ಬೀಳದಂತೆ ೧, ೬, ೧೧ ಎಂಬ ಮೂರನ್ನೇ ಸಾಮಾನ್ಯವಾಗಿ ಆರಿಸುವರು. ಯಾರಾದರೂ ೩ನೆಯದನ್ನು ಹಿಡಿದರೆ ೧ ಮತ್ತು ೬ ಎರಡನ್ನೂ ಕೆಡಿಸಿದಂತಾಯಿತು. ಒಂದೇ ಚಾನೆಲ್ಲಿನಲ್ಲಿರುವ ಪೆಟ್ಟಿಗೆಗಳು ಪರಸ್ಪರರ ಮಾತನ್ನು ಗುರುತಿಸಿ ಸರದಿ ಕಾಯುತ್ತವೆ. ಅರೆಬರೆ ಕೂಡಿದ ಚಾನೆಲ್ಲಿನವಕ್ಕೆ ಅದು ಬರಿಯ ಗದ್ದಲ.

ಎರಡನೆಯದು ಸಾಮೀಪ್ಯದ ತೊಡಕು. ಪೆಟ್ಟಿಗೆಯೊಂದು ೧೦೦ ಮಿಲಿವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆಯೆನ್ನೋಣ. ದೂರದ ಮನೆಯಿಂದ ಟವರಿಗೆ ಮರಳುವ ಸಂಕೇತವು ಒಂದು ಮಿಲಿವ್ಯಾಟಿನ ಕೋಟಿಯಲ್ಲೊಂದು ಪಾಲಿನಷ್ಟೇ ಇರಬಹುದು. ಕೂಗಿನ ಲಕ್ಷದಲ್ಲೊಂದು ಪಾಲು ಪಕ್ಕದ ಪೆಟ್ಟಿಗೆಗೆ ಸೋರಿದರೂ ಅದು ಆ ಸಂಕೇತದ ಹತ್ತು ಸಾವಿರ ಪಟ್ಟಾಗುತ್ತದೆ! ಕಿವಿಯ ಬಳಿ ತಮಟೆ ಬಾರಿಸುತ್ತಿರುವಾಗ ಹಳ್ಳದಾಚೆಯವನ ಪಿಸುಮಾತು ಕೇಳೀತೇ? ಆದಕಾರಣ ಆಂಟೆನಾಗಳನ್ನು ಒಂದರಿಂದೊಂದು ಮೇಲೆ ಕೆಳಗೆ ದೂರವಿಡುವುದು, ನಡುವೆ ಲೋಹದ ಮರೆ ಕಟ್ಟುವುದು, ಚಾನೆಲ್‌ಗಳ ನಡುವೆ ತೆರಪು ಬಿಡುವುದು, ಅಗತ್ಯಕ್ಕಿಂತ ಹೆಚ್ಚಿನ ಶಕ್ತಿಯನ್ನು ತಗ್ಗಿಸುವುದು, ಇವು ಪ್ರಥಮ ಪರಿಹಾರಗಳು.

ಮೂರನೆಯ ಉಪಾಯವು ಅತ್ಯಂತ ಸೊಗಸಾದುದು. ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಕೂಗಿ, ಒಟ್ಟಿಗೆ ಸುಮ್ಮನಾಗಿ ಆಲಿಸಿದರೆ, ಒಂದು ಆಲಿಸುವಾಗ ಇನ್ನೊಂದು ಕೂಗುವ ಪ್ರಮೇಯವೇ ಇರದು. ಭಜನೆಯಲ್ಲಿ ಎಲ್ಲರಿಗೂ ಒಂದೇ ತಾಳವಿದ್ದಂತೆ ಇಲ್ಲಿಯೂ ಒಂದು ತಾಳ ಬೇಕು. ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ತಿರುಗುವ ಜಿಪಿಎಸ್ ಉಪಗ್ರಹಗಳ ಪರಮಾಣು ಗಡಿಯಾರಗಳು ಆ ತಾಳವನ್ನು ಕೊಡುತ್ತವೆ. ಹೀಗೆ ಹೊಂದಿಸಿದಾಗ ಬೆನ್ನಿಗೆ ಬೆನ್ನು ಕೊಟ್ಟಿರುವ ಉತ್ತರ ದಕ್ಷಿಣದ ಆಂಟೆನಾಗಳಿಗೆ ಒಂದು ಚಾನೆಲ್, ಪೂರ್ವ ಪಶ್ಚಿಮದವಕ್ಕೆ ಇನ್ನೊಂದು, ಒಟ್ಟು ಎರಡರಲ್ಲೇ ನಾಲ್ಕು ದಿಕ್ಕಿಗೂ ಸೇವೆ ಸಲ್ಲಿಸಬಹುದು. ಆದರೆ ಸಾಮಾನ್ಯ ವೈಫೈ ಬಿಡುವು ಕಂಡಾಗ ಮಾತನಾಡುವ ಸ್ವಭಾವದ್ದು. ಅದಕ್ಕೆ ಈ ತಾಳ ಒಗ್ಗದು. ಇದಕ್ಕೆಂದೇ ರಚಿಸಿದ ಯಂತ್ರಗಳು ಬೇಕು. ಕೂಗುವ ಹೊತ್ತು, ಕೇಳುವ ಹೊತ್ತು ಎಷ್ಟೆಷ್ಟೆಂಬುದರಲ್ಲಿ ಟವರಿನ ಮೇಲಿನ ಸೇವಾದಾರರೆಲ್ಲರೂ ಒಮ್ಮತಕ್ಕೆ ಬರಬೇಕು.

ಈ ಒಮ್ಮತವೇ ಕಷ್ಟ. ಇಲ್ಲಿಂದ ಮುಂದಿನದು ನನ್ನ ಶಾಸ್ತ್ರದ ವಿಷಯ. ಭಾರತ ಸರ್ಕಾರವು ೨೦೦೫ರಲ್ಲಿ ಮೇಲೆ ಹೇಳಿದ ಪಟ್ಟಿಯನ್ನೂ ೨೦೧೮ರಲ್ಲಿ ೫ ಗಿಗಾಹರ್ಟ್ಸ್ ವಲಯದ ೬೦೫ ಮೆಗಾಹರ್ಟ್ಸ್‌ನಷ್ಟನ್ನೂ, ಶಕ್ತಿಯ ಮಿತಿಗೊಳಪಡಿಸಿ, ಪರವಾನಗಿಯಿಲ್ಲದೆ ಬಳಸಲು ಬಿಟ್ಟಿತು. ಅದು ಊರಿನ ಗೋಮಾಳವಿದ್ದಂತೆ. ಅಲ್ಲಿ ಯಾರ ಹಸುವೂ ಮೇಯಬಹುದು. ಇತರರನ್ನು ಹೊರಗಟ್ಟುವ ಹಕ್ಕು ಯಾರಿಗೂ ಇಲ್ಲ. ಒಬ್ಬನು ಶಕ್ತಿಯನ್ನು ಏರಿಸಿದರೆ ಅವನಿಗೆ ಗಳಿಗೆಯ ಲಾಭ. ಅವನನ್ನು ಕಂಡು ಇನ್ನೊಬ್ಬನೂ ಏರಿಸಿದರೆ ಇಬ್ಬರಿಗೂ ನಷ್ಟ. ಅತಿ ಆಸೆ ಗತಿಗೇಡೆಂಬ ಗಾದೆ ತರಂಗಗಳಿಗೂ ಸಲ್ಲುತ್ತದೆ.

ಕೊನೆಗೆ ಆ ಇಬ್ಬರು ಸೇವಾದಾರರು ಕುಳಿತು ಚಾನೆಲ್‌ಗಳನ್ನು ಹಂಚಿಕೊಂಡರು, ಶಕ್ತಿಯನ್ನು ತಗ್ಗಿಸಿದರು. ಈ ವರ್ಷ ನನ್ನ ತಂಗಿಯ ಅರ್ಜಿ ಹತ್ತೇ ನಿಮಿಷದಲ್ಲಿ ಹೋಯಿತು. ತಂದೆಯವರು, “ಈಗ ಹೇಗೆ ಹೋಯಿತು?” ಎಂದರು. “ಅಪ್ಪಾ, ಅವರು ಕೂಗುವುದನ್ನು ಕಡಿಮೆ ಮಾಡಿದರು” ಎಂದೆ. ಅವರು ನಕ್ಕು, “ಅಷ್ಟಕ್ಕೆ ಒಂದು ವರ್ಷ ಬೇಕಾಯಿತೇ?” ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.