ಕ್ಲಚ್, ಗೇರ್ ಮತ್ತು ಗೆಳೆತನ



ಮದ್ದೂರಿನಿಂದ ನಾರಾಯಣಪೇಟೆಗೆ ಬಸ್ಸಿನಲ್ಲಿ ಹೋಗುವಾಗ ಡ್ರೈವರ್ ಹತ್ತಿರದ ಸೀಟು ಸಿಕ್ಕರೆ ಒಂದು ಕೆಲಸ ಮಾಡಿ. ಮೊಬೈಲ್ ಒಳಗಿಡಿ, ಅವರ ಎಡಗಾಲು ಮತ್ತು ಎಡಗೈ ನೋಡುತ್ತಾ ಕೂಡ್ರಿ. ಕಾಲು ಪೆಡಲ್ ಒತ್ತುತ್ತದೆ, ಕೈ ಗೇರ್ ಸರಿಸುತ್ತದೆ, ಕಾಲು ನಿಧಾನವಾಗಿ ಮೇಲೆ ಬರುತ್ತದೆ. ನುರಿತ ಡ್ರೈವರ್ ಆದರೆ ಗೇರ್ ಬದಲಾಗಿದ್ದು ನಿಂತ ಪ್ರಯಾಣಿಕರಿಗೂ ತಿಳಿಯುವುದಿಲ್ಲ. ಹೊಸಬರಾದರೆ ಎಲ್ಲರೂ ಒಮ್ಮೆ ಮುಂದಕ್ಕೆ ಬಾಗಿ ನಮಸ್ಕಾರ ಮಾಡುತ್ತಾರೆ!

(ಮದ್ದೂರು ಅಂದಕೂಡಲೇ ವಡೆ ನೆನೆಸಿಕೊಳ್ಳಬೇಡಿ. ಅದು ಮಂಡ್ಯ ಜಿಲ್ಲೆಯ ಮದ್ದೂರು. ನಾನು ಹೇಳುತ್ತಿರುವುದು ನಮ್ಮ ತೆಲಂಗಾಣದ ಮದ್ದೂರು.)

ಈ ವ್ಯತ್ಯಾಸಕ್ಕೆ ಕಾರಣವೇನು? ಇದೇ ಇವತ್ತಿನ ಪಾಠ. ಇದನ್ನು ನನಗೆ ಕಲಿಸಿದ್ದು ಬಿ.ಎಸ್ಸಿ. ಪುಸ್ತಕವಲ್ಲ, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನನ್ನ ಗೆಳೆಯ. ಅವನ ಮಾತು ಕೊನೆಗೆ ಹೇಳುತ್ತೇನೆ.

1. ಗೇರ್ ಏಕೆ ಬೇಕು?

ಮೊದಲು ನಿಮ್ಮ ಸೈಕಲ್ ನೋಡಿ. ಪೆಡಲ್ ಹತ್ತಿರದ ದೊಡ್ಡ ಚಕ್ರದ ಹಲ್ಲು ಎಣಿಸಿ, ಹಿಂದಿನ ಚಿಕ್ಕ ಚಕ್ರದ ಹಲ್ಲು ಎಣಿಸಿ. ಮುಂದೆ 44, ಹಿಂದೆ 18 ಇದ್ದರೆ 44 ÷ 18 = 2.44. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ವೇಗ ಹೆಚ್ಚಾಯಿತು, ಆದರೆ ತಿರುಗಿಸುವ ಬಲ ಅಷ್ಟೇ ಪಾಲು ಕಡಿಮೆಯಾಯಿತು. ಅದಕ್ಕೇ ಏರು ಬಂದಾಗ ನಾವು ಸೀಟಿನಿಂದ ಎದ್ದು ತುಳಿಯುವುದು.

ಮೋಟಾರು ವಾಹನದಲ್ಲೂ ಇದೇ ಲೆಕ್ಕ. ಒಂದು ಸಣ್ಣ ಕಾರಿನ ಮೊದಲ ಗೇರಿನಲ್ಲಿ ಎಂಜಿನ್ 14 ಸುತ್ತು ತಿರುಗಿದಾಗ ಗಾಲಿ 1 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಗಾಲಿಯ ಸುತ್ತಳತೆ 1.75 ಮೀಟರ್. ಎಂಜಿನ್ ನಿಮಿಷಕ್ಕೆ 2800 ಸುತ್ತು ತಿರುಗಿದರೆ:

ಗಾಲಿಯ ಸುತ್ತು = 2800 ÷ 14 = 200
ನಿಮಿಷಕ್ಕೆ ದೂರ = 200 × 1.75 = 350 ಮೀಟರ್
ವೇಗ = ಗಂಟೆಗೆ 21 ಕಿ.ಮೀ.

ಐದನೇ ಗೇರಿನಲ್ಲಿ 14ರ ಬದಲು 3.2 ಎಂದು ಹಾಕಿ ಲೆಕ್ಕ ಮಾಡಿದರೆ, ಅದೇ 2800 ಸುತ್ತಿಗೆ ಗಂಟೆಗೆ ಸುಮಾರು 92 ಕಿ.ಮೀ. ಬರುತ್ತದೆ. ಮೊದಲ ಗೇರಿನಲ್ಲಿ ಬಲ ಹೆಚ್ಚು, ವೇಗ ಕಡಿಮೆ. ಐದನೆಯದರಲ್ಲಿ ವೇಗ ಹೆಚ್ಚು, ಬಲ ಕಡಿಮೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಶಕ್ತಿ ಸಂರಕ್ಷಣೆಯ ನಿಯಮ ಯಾರಿಗೂ ಉಚಿತವಾಗಿ ಏನೂ ಕೊಡುವುದಿಲ್ಲ.

2. ಕ್ಲಚ್: ಘರ್ಷಣೆ ಮಾಡುವ ಉಪಕಾರ

ಈಗ ಒಂದು ತೊಡಕು. ಗಾಡಿ ನಿಂತಿದೆ, ಗಾಲಿಯ ವೇಗ ಸೊನ್ನೆ. ಎಂಜಿನ್ ಮಾತ್ರ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿದೆ. ಅದಕ್ಕಿಂತ ತೀರಾ ಕಡಿಮೆಯಾದರೆ ಎಂಜಿನ್ ಆಫ್ ಆಗುತ್ತದೆ. ನಿಂತವನನ್ನೂ ಓಡುವವನನ್ನೂ ಒಮ್ಮೆಲೇ ಹಗ್ಗದಿಂದ ಕಟ್ಟಿದರೆ ಏನಾಗುತ್ತದೆ? ಇಬ್ಬರೂ ಬೀಳುತ್ತಾರೆ.

ಇಲ್ಲಿ ಬರುವುದೇ ಕ್ಲಚ್. ಎಂಜಿನ್ನಿಗೆ ಅಂಟಿಕೊಂಡ ಭಾರದ ಫ್ಲೈವೀಲ್ ಒಂದು ಕಡೆ, ಸ್ಪ್ರಿಂಗಿನಿಂದ ಒತ್ತುವ ಪ್ರೆಷರ್ ಪ್ಲೇಟ್ ಇನ್ನೊಂದು ಕಡೆ, ನಡುವೆ ಒರಟು ಮೈಯ ಕ್ಲಚ್ ಪ್ಲೇಟ್. ಪೆಡಲ್ ತುಳಿದಾಗ ಒತ್ತಡ ಹೋಗಿ ಎಂಜಿನ್ ಮತ್ತು ಗೇರ್ ಬಾಕ್ಸ್ ಬೇರೆಯಾಗುತ್ತವೆ. ನಿಧಾನವಾಗಿ ಬಿಟ್ಟಾಗ ಪ್ಲೇಟು ಮೊದಲು ಜಾರುತ್ತಾ ತಿರುಗುತ್ತದೆ. ಇದು ಜಾರು ಘರ್ಷಣೆ. ಇಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ. ವೇಗ ಎರಡೂ ಕಡೆ ಒಂದಾದ ಕೂಡಲೇ ಜಾರುವುದು ನಿಂತು ಪ್ಲೇಟು ಗಟ್ಟಿಯಾಗಿ ಹಿಡಿಯುತ್ತದೆ. ಇದು ಸ್ಥಾಯಿ ಘರ್ಷಣೆ. ಆಮೇಲೆ ಅಲ್ಲಿ ಶಾಖವಿಲ್ಲ, ಸವೆತವಿಲ್ಲ.

ಗಮನಿಸಿ, 800 ÷ 14 ಎಂದರೆ ಗಾಲಿಗೆ ಸುಮಾರು 57 ಸುತ್ತು, ಗಂಟೆಗೆ 6 ಕಿ.ಮೀ. ನಾವು ಚುರುಕಾಗಿ ನಡೆಯುವ ವೇಗ. ಸೊನ್ನೆಯಿಂದ ಆ ನಡಿಗೆಯ ವೇಗದವರೆಗೆ ಗಾಡಿಯನ್ನು ಕೈಹಿಡಿದು ಕರೆತರುವುದೇ ಕ್ಲಚ್ಚಿನ ಮುಖ್ಯ ಕೆಲಸ. ಕಾಲು ದಿಢೀರನೆ ಬಿಟ್ಟರೆ ಗಾಡಿ ಜಿಗಿದು ಬಂದ್ ಬೀಳುತ್ತದೆ. ಯಾವಾಗಲೂ ಅರ್ಧ ಒತ್ತಿಕೊಂಡೇ ಓಡಿಸಿದರೆ ಪ್ಲೇಟು ಜಾರುತ್ತಲೇ ಇದ್ದು ಸುಟ್ಟ ವಾಸನೆ ಬರುತ್ತದೆ. ಪೂರ್ತಿ ಹಿಡಿಯದ, ಪೂರ್ತಿ ಬಿಡದ ಸಂಬಂಧ ಬೇಗ ಸವೆಯುತ್ತದೆ.

3. ಹಲ್ಲಿಗೆ ಹಲ್ಲು ಕೂಡುವ ಮೊದಲು

ಗಂಟೆಗೆ 40 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿನಲ್ಲಿ ಹೋಗುತ್ತಿದ್ದೇವೆ, ಮುಂದೆ ಏರು ಬಂತು, ಮೂರಕ್ಕೆ ಇಳಿಸಬೇಕು. ನಾಲ್ಕರಲ್ಲಿ ಎಂಜಿನ್ ಗಾಲಿಯ 4 ಪಟ್ಟು, ಮೂರರಲ್ಲಿ 5.6 ಪಟ್ಟು ತಿರುಗುತ್ತದೆ ಎನ್ನೋಣ. ಗಾಲಿ ನಿಮಿಷಕ್ಕೆ ಸುಮಾರು 381 ಸುತ್ತು. ಆಗ ಎಂಜಿನ್ ನಾಲ್ಕರಲ್ಲಿ 1524, ಮೂರರಲ್ಲಿ 2134 ಸುತ್ತು ಇರಬೇಕು. ಈ ಆರುನೂರು ಸುತ್ತಿನ ಅಂತರ ಯಾರು ತುಂಬಬೇಕು?

ಹಳೆಯ ಲಾರಿಗಳಲ್ಲಿ ಡ್ರೈವರೇ ತುಂಬುತ್ತಿದ್ದರು. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒಮ್ಮೆ ತುಳಿದು ಎಂಜಿನ್ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಮೂರಕ್ಕೆ ಹಾಕುವುದು. ಇದೇ ಡಬಲ್ ಕ್ಲಚ್. ಕಿವಿಯೇ ಅವರ ಮೀಟರು. ತಪ್ಪಿದರೆ ಹಲ್ಲುಗಳು ಕರ್ರ್ ಎಂದು ಉಜ್ಜುತ್ತಿದ್ದವು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೊಮೆಶ್ ಬಂತು. ಅದರಲ್ಲಿ ಹಲ್ಲು ಕೂಡುವ ಮೊದಲು ಶಂಕುವಿನಾಕಾರದ ಎರಡು ಮೈಗಳು ಒಂದನ್ನೊಂದು ಮೆಲ್ಲಗೆ ಉಜ್ಜಿ ವೇಗ ಸಮ ಮಾಡಿಕೊಳ್ಳುತ್ತವೆ. ಸಮವಾದ ಮೇಲೆಯೇ ಹಲ್ಲು ಕೂಡುತ್ತದೆ. ಇವತ್ತಿನ ಕಾರುಗಳಲ್ಲೂ ಇದೇ ತತ್ವ. ಆದರೂ ಒಳ್ಳೆಯ ಡ್ರೈವರ್ ಅವಸರದಿಂದ ಗೇರ್ ನೂಕುವುದಿಲ್ಲ, ಅರೆಕ್ಷಣ ಕಾಯುತ್ತಾನೆ.

4. ಇಳಿಜಾರಿನ ಪರೀಕ್ಷೆ

ಇಳಿಜಾರಿನಲ್ಲಿ ಎಣ್ಣೆ ಉಳಿಯುತ್ತದೆ ಅಂತ ಕೆಲವರು ನ್ಯೂಟ್ರಲ್ ಮಾಡಿ ಬಿಡುತ್ತಾರೆ. ಇದು ದೊಡ್ಡ ತಪ್ಪು. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತದೆ, ಬ್ರೇಕಿಗೆ ವಿಶ್ರಾಂತಿ ಸಿಗುತ್ತದೆ. ನ್ಯೂಟ್ರಲ್‌ನಲ್ಲಿ ಬರೀ ಬ್ರೇಕಿನ ಮೇಲೆ ಭಾರ ಬಿದ್ದು ಅದು ಕಾಯುತ್ತದೆ, ಹಿಡಿತ ತಪ್ಪುತ್ತದೆ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವೇ ನಿಲ್ಲಿಸುವುದರಿಂದ ನ್ಯೂಟ್ರಲ್‌ನಿಂದ ಎಣ್ಣೆ ಉಳಿಯುವುದೂ ಇಲ್ಲ.

ಗೆಳೆಯರಲ್ಲೂ ನ್ಯೂಟ್ರಲ್ ಗೆಳೆಯರಿರುತ್ತಾರೆ. ನೀವು ಇಳಿಜಾರಿಗೆ ಬಿದ್ದರೂ ಬೇಡ ಅನ್ನುವುದಿಲ್ಲ, ಜೊತೆಗೆ ಉರುಳುತ್ತಾರೆ. ಮಹಾಭಾರತದ ಕರ್ಣ ದುರ್ಯೋಧನನಿಗಾಗಿ ಪ್ರಾಣವನ್ನೇ ಕೊಟ್ಟ. ಆದರೆ ದ್ಯೂತದ ಸಭೆಯಲ್ಲಿ ಸಾಕು ಎಂದು ತಡೆಯಲಿಲ್ಲ, ತಾನೂ ಸೇರಿ ಹಂಗಿಸಿದ. ನಿಷ್ಠೆ ಪೂರ್ತಿ ಇತ್ತು, ಬ್ರೇಕ್ ಇರಲಿಲ್ಲ.

ನಿಮಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. ನಮ್ಮ ದೇಶದಲ್ಲಿ ಗೇರ್ ಇರುವ ಬೈಕಿಗಾಗಲಿ ಕಾರಿಗಾಗಲಿ 18 ವರ್ಷ ತುಂಬಬೇಕು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಆಗಬಹುದು. ಸಿಕ್ಕಿಬಿದ್ದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. "ಒಂದ್ ರೌಂಡ್ ಕೊಡಲೇ" ಎಂದು ಕೇಳಿದಾಗ ಬೀಗದ ಕೈ ಜೇಬಿನಲ್ಲೇ ಇಟ್ಟುಕೊಂಡು, ಮುನಿಸನ್ನೂ ಸಹಿಸಿಕೊಳ್ಳುವವನೇ ನಿಮ್ಮ ಗೆಳೆಯ.

5. ನನ್ನ ಗೆಳೆಯನ ಮಾತು

ನಮ್ಮ ಪಾಲಮೂರು ಕಡೆಯ ವಲಸೆ ನಿಮಗೆ ಗೊತ್ತೇ ಇದೆ. ಮಳೆ ಕೈಕೊಟ್ಟರೆ ಮನೆಮಂದಿಯೆಲ್ಲ ಹೈದರಾಬಾದು, ಮುಂಬಯಿ, ಬೆಂಗಳೂರು. ನನ್ನ ಬೆಂಚಿನ ಗೆಳೆಯನೂ ಒಂಬತ್ತನೇ ತರಗತಿಯಲ್ಲಿ ನಾಲ್ಕು ತಿಂಗಳು ಅಪ್ಪ ಅವ್ವನ ಜೊತೆ ಕಟ್ಟಡ ಕೆಲಸಕ್ಕೆ ಹೋಗಿ ಬಂದ. ಬಂದಾಗ ನಾವು ಬೀಜಗಣಿತದಲ್ಲಿ ಬಹಳ ಮುಂದೆ ಹೋಗಿದ್ದೆವು. ಬೋರ್ಡಿನ ಮುಂದೆ ಅವನು ತಡವರಿಸಿದಾಗ ತರಗತಿ ನಕ್ಕಿತು. ನಾನೂ ನಕ್ಕೆ. ಸಂಜೆ ಅರ್ಧ ಗಂಟೆ ಕೂತು ಹೇಳಿಕೊಡಬಹುದಿತ್ತು, ಕೊಡಲಿಲ್ಲ. ಮುಂದಿನ ತಿಂಗಳಿಂದ ಅವನು ಬರಲಿಲ್ಲ.

ಹದಿನೈದು ವರ್ಷದ ಮೇಲೆ ನಾನು ಹಳೆಯ ಕಾರೊಂದನ್ನು ಕೊಂಡೆ. ಎಲ್.ಎಲ್.ಆರ್. ಮಾಡಿಸಿ, ಎಲ್ ಬೋರ್ಡ್ ಅಂಟಿಸಿ ಕೂತಾಗ ಪಕ್ಕದಲ್ಲಿ ಕೂತು ಕಲಿಸಿದ್ದು ಅವನೇ. ಈಗ ಅವನು ಗೂಡ್ಸ್ ಗಾಡಿ ಓಡಿಸುತ್ತಾನೆ. ಮೊದಲ ದಿನವೇ ನಾನು ಏಳು ಸಲ ಗಾಡಿ ಬಂದ್ ಮಾಡಿದೆ, ಮೂರನೇ ಗೇರು ಕರ್ರ್ ಅನ್ನಿಸಿದೆ. ಅವನು ನಗಲಿಲ್ಲ. "ಗಾಡಿ ಜೋಡಿ ಜಗಳ ಆಡಬ್ಯಾಡ ಮಾಸ್ತರ. ಅದು ಎಷ್ಟು ಓಡ್ಲಿಕತ್ತದ ಮೊದಲು ಕೇಳು, ಆಮ್ಯಾಲ ಗೇರ್ ಹಾಕು" ಅಂದ.

ನನಗೆ ಆ ಬೋರ್ಡು ನೆನಪಾಯಿತು. ಅವತ್ತು ಅವನ ವೇಗ ಎಷ್ಟಿತ್ತು ಎಂದು ನಾನು ಕೇಳಿರಲಿಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಅದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೆನಪದ" ಎಂದಷ್ಟೇ ಅಂದ. ಆಮೇಲೆ, "ಕ್ಲಚ್ ಒತ್ತು, ಫಸ್ಟ್ ಹಾಕು" ಅಂದ.

ಎಂಜಿನ್ನಿಗೆ ಮನಸ್ಸಿಲ್ಲ, ಆದ್ದರಿಂದ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಸವೆದ ಕ್ಲಚ್ ಪ್ಲೇಟು ಬದಲಾಯಿಸಬಹುದು, ಬಿಟ್ಟುಹೋದ ಹತ್ತನೇ ತರಗತಿ ಅಷ್ಟು ಸುಲಭವಾಗಿ ಮರಳಿ ಬರುವುದಿಲ್ಲ. ಆದರೆ ನಿಮ್ಮ ಬೆಂಚಿನಲ್ಲಿ ಇವತ್ತು ಕೂತಿರುವವರಿಗೆ ಇನ್ನೂ ಸಮಯವಿದೆ.

ಮಾಡಿ ನೋಡಿ

1. ಎರಡು ನೋಟ್‌ಬುಕ್ಕುಗಳ ಹಾಳೆಗಳನ್ನು ಒಂದರ ಮೇಲೊಂದು ಬರುವಂತೆ ಹೆಣೆದು, ಬೆನ್ನು ಹಿಡಿದು ಎಳೆಯಿರಿ. ಅಂಟಿಲ್ಲದೆ ಅಷ್ಟು ಬಲ ಎಲ್ಲಿಂದ ಬಂತು?
2. ನಿಮ್ಮ ಸೈಕಲ್ಲಿನ ಹಲ್ಲು ಎಣಿಸಿ. ಪೆಡಲ್ ನೂರು ಸುತ್ತು ತಿರುಗಿದರೆ ಎಷ್ಟು ದೂರ ಹೋಗುತ್ತೀರಿ? ಲೆಕ್ಕ ಮಾಡಿ, ಆಮೇಲೆ ಅಳೆದು ನೋಡಿ.
3. ವಲಸೆಯಿಂದಲೋ ಕಾಯಿಲೆಯಿಂದಲೋ ಹಿಂದೆ ಉಳಿದ ಸಹಪಾಠಿ ಇದ್ದರೆ, ಇವತ್ತು ಸಂಜೆ ಒಂದೇ ಪ್ರಶ್ನೆ ಕೇಳಿ: "ಯಾವ ಪಾಠದ ತನಕ ಬಂದಿದ್ದಿ?" ಅಲ್ಲಿಂದಲೇ ಶುರು ಮಾಡಿ. ಇದಕ್ಕೆ ಅಂಕವಿಲ್ಲ.